ನೀರು ಕೇಳಿದವನ ಸಭೆ

ಮನೆಕೂಟಗಳ ಪಟ್ಟಿ ಮಾಡುವಾಗ ಕೇಳಿದ ಒಂದು ಮಾತು ಇನ್ನೂ ನನ್ನ ತಲೆ ಕೊರೆಯುತ್ತಿದೆ. ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಚರ್ಚಿನ ಸಭೆಯಲ್ಲಿ ವಾರ ವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ಇರುತ್ತದೆ. ಯಾವ ವಾರ ಯಾರ ಮನೆ ಅಂತ ಸ್ತ್ರೀ ಸಂಘದವರು ಮೊದಲೇ ಕೂತು ಬರೆದುಕೊಳ್ಳುತ್ತೇವೆ. ಆ ಭಾನುವಾರವೂ ಆರಾಧನೆ ಮುಗಿಸಿ ಪಕ್ಕದ ಹಾಲ್‌ನಲ್ಲಿ ಕೂತಿದ್ದೆವು. ಕೊನೆಯ ಬೆಂಚಿನಲ್ಲಿ ಕೂರುವ ಒಬ್ಬ ಅಕ್ಕನ ಹೆಸರನ್ನು ಯಾರೋ ಹೇಳಿದರು. ತಕ್ಷಣ ಇನ್ನೊಬ್ಬರು, "ಅಯ್ಯೋ ಪಾಪ, ಅವರಿಗೆ ಯಾಕೆ ತೊಂದರೆ? ಒಂದೇ ರೂಮಿನ ಮನೆ. ಇಷ್ಟು ಜನ ಹೋದ್ರೆ ಕೂರಿಸೋದೆಲ್ಲಿ? ಕಾಫಿ ತಿಂಡಿ ಖರ್ಚು ಬೇರೆ" ಅಂದರು. ಹೌದು ಹೌದು ಅಂತ ಉಳಿದವರು ತಲೆಯಾಡಿಸಿದರು. ಪಟ್ಟಿ ಮುಂದಕ್ಕೆ ಹೋಯಿತು.

ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಡಿದವರು ತುಂಬಾ ಒಳ್ಳೆಯವರು. ಲಾಕ್‌ಡೌನ್ ಹೊತ್ತಿನಲ್ಲಿ ಇದೇ ಅಕ್ಕನ ಮನೆಗೆ ಅಕ್ಕಿ, ಬೇಳೆ, ಎಣ್ಣೆ ತಲುಪಿಸಿದವರು ಅವರೇ. ಕ್ರಿಸ್ಮಸ್‌ಗೆ ಮಗಳಿಗೆ ಬಟ್ಟೆ ಕೊಡಿಸುವವರೂ ಅವರೇ. ಅದಕ್ಕೇ ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಸಿಟ್ಟಿನಿಂದ ಒಬ್ಬರನ್ನು ಹೊರಗಿಟ್ಟರೆ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ, ಯಾರಾದರೂ ನ್ಯಾಯ ಕೇಳುತ್ತಾರೆ. ಕನಿಕರದಿಂದ ಹೊರಗಿಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಆ ಅಕ್ಕ ಸಿಂಧನೂರಿನ ಕಡೆಯವರು. ಪೀಣ್ಯದ ಹತ್ತಿರ ಗಾರ್ಮೆಂಟ್ಸ್ ಕೆಲಸ. ಗಂಡ ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು. ಅವರ ಮನೆತನದಲ್ಲಿ ಯೇಸುವನ್ನು ನಂಬಿ ಬಂದವರು ಅವರೇ ಮೊದಲು. ನಮ್ಮ ಸಭೆಗೆ ಬರಲು ಶುರುಮಾಡಿ ಎಷ್ಟೋ ವರ್ಷ ಆಯಿತು. ದೀಕ್ಷಾಸ್ನಾನ ಆಗಿದೆ, ದೃಢೀಕರಣ ಆಗಿದೆ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಬರುತ್ತಾರೆ, ವಂತಿಗೆಯನ್ನೂ ಬಾಕಿ ಉಳಿಸದೆ ಕಟ್ಟುತ್ತಾರೆ. ಆದರೂ ಅವರ ವಿಷಯ ಬಂದಾಗ ನಮ್ಮ ಜನ ಇವತ್ತಿಗೂ "ಆ ಹೊಸಬರು" ಅಂತಲೇ ಅನ್ನುತ್ತಾರೆ.

ನಾನು ಬೆಟಗೇರಿಯವಳು, ಮದುವೆಯಾಗಿ ಬೆಂಗಳೂರಿಗೆ ಬಂದವಳು. ಬರುವಾಗ ಊರಿನ ಸಭಾಪಾಲಕರ ಹತ್ತಿರ ಒಂದು ಪತ್ರ ಬರೆಸಿಕೊಂಡು ಬಂದಿದ್ದೆ. ಇಂಥವರು ನಮ್ಮ ಸಭೆಯ ಸದಸ್ಯರು, ದಯಮಾಡಿ ನಿಮ್ಮಲ್ಲಿ ಸೇರಿಸಿಕೊಳ್ಳಿ ಅಂತ. ಆ ಪತ್ರವನ್ನು ಯಾರೂ ಪೂರ್ತಿ ಓದಿದ ಹಾಗೆ ಕಾಣಲಿಲ್ಲ. "ಬೆಟಗೇರಿಯವರಾ? ಹಾಗಾದ್ರೆ ಬಾಸೆಲ್ ಮಿಷನ್‌ನವರು" ಅಂತ ಒಬ್ಬರು ಖುಷಿಪಟ್ಟರು. ಇನ್ನೊಬ್ಬರು ಧಾರವಾಡದಲ್ಲಿ ನಮ್ಮ ಚಿಕ್ಕಪ್ಪನ ಜತೆ ಓದಿದವರು. ಮುಂದಿನ ವಾರ ಕಾಯಿರ್‌ಗೆ ಬಾ ಅಂದರು. ಹಾಡಲು ಬರುತ್ತಾ ಅಂತ ಸಹ ಕೇಳಲಿಲ್ಲ. ಬೆಟಗೇರಿಯವರು ಅಂದಮೇಲೆ ಹಾಡಲು ಬರಲೇಬೇಕು ಅನ್ನುವ ನಂಬಿಕೆ. ತಿಂಗಳು ಕಳೆಯುವ ಮೊದಲೇ ನಾನು ಆ ಸಭೆಯ ಹುಡುಗಿ ಆಗಿಬಿಟ್ಟಿದ್ದೆ. ನಾನು ಅದಕ್ಕಾಗಿ ಏನೂ ಮಾಡಿರಲಿಲ್ಲ. ನನ್ನ ಹಿಂದಿನ ನಾಲ್ಕೈದು ತಲೆಮಾರಿನವರು ಬೆಲೆ ಕೊಟ್ಟು ಸಂಪಾದಿಸಿದ್ದು ನನ್ನ ಕೈಗೆ ಬಂತು, ಅಷ್ಟೇ.

ನಾವೂ ಹೊಸಬರಾಗಿದ್ದವರು

ಸ್ವಿಟ್ಜರ್ಲೆಂಡಿನ ಮಿಷನರಿ ಸಂಘವಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ನಮ್ಮ ಬೆಟಗೇರಿ. ನಮ್ಮ ಭಾನುವಾರ ಶಾಲೆಯಲ್ಲಿ ಈ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಆದರೆ ಆ ಇಸವಿಗಳ ಹಿಂದೆ ಒಬ್ಬೊಬ್ಬರ ಮನೆಯಲ್ಲಿ ಏನೇನಾಯಿತು ಅನ್ನುವುದನ್ನು ಅಜ್ಜಿಯ ಬಾಯಲ್ಲೇ ಕೇಳಬೇಕಿತ್ತು. ದೀಕ್ಷಾಸ್ನಾನ ಮಾಡಿಸಿಕೊಂಡ ದಿನದಿಂದ ಮನೆಯವರು ಒಳಗೆ ಸೇರಿಸುತ್ತಿರಲಿಲ್ಲ. ಕುಲಕಸುಬು ಕೈಬಿಟ್ಟು ಹೋಗುತ್ತಿತ್ತು. ಬಾವಿಯ ನೀರು ಕಷ್ಟ, ಮಕ್ಕಳಿಗೆ ಹೆಣ್ಣು ಗಂಡು ಕಷ್ಟ, ಸತ್ತರೆ ಹೂಳಲು ಜಾಗವೂ ಕಷ್ಟ. ಊರಲ್ಲಿ ಒಬ್ಬ ಮನುಷ್ಯನಿಗೆ ಏನೆಲ್ಲ ಇರುತ್ತದೋ ಅದೆಲ್ಲ ಜಾತಿಯ ಮೂಲಕವೇ ಬರುತ್ತಿತ್ತು. ಜಾತಿ ಬಿಟ್ಟವನಿಗೆ ಅದೆಲ್ಲ ಒಂದೇ ದಿನದಲ್ಲಿ ತಪ್ಪಿಹೋಗುತ್ತಿತ್ತು.

ಮಿಷನ್‌ನವರು ನೇಯ್ಗೆ ಕಾರ್ಖಾನೆ, ಹೆಂಚಿನ ಕಾರ್ಖಾನೆ ತೆರೆದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಮಂಗಳೂರು ಹೆಂಚು ಅಂತ ದೇಶವೆಲ್ಲ ಹೇಳುತ್ತದಲ್ಲ, ಆ ಕಾರ್ಖಾನೆ 1865ರಲ್ಲಿ ಶುರುವಾಯಿತು. ಹೊಟ್ಟೆಪಾಡು ಕಳೆದುಕೊಂಡು ಬಂದವರಿಗೆ ಒಂದು ಕೆಲಸ ಬೇಕಿತ್ತು, ಇರಲು ಮನೆ ಬೇಕಿತ್ತು, ಮಕ್ಕಳಿಗೆ ಶಾಲೆ ಬೇಕಿತ್ತು. ಕೊಡಗಿನಲ್ಲಿ ಆನಂದಪುರ ಅಂತ ಒಂದು ಊರನ್ನೇ ಕಟ್ಟಿದರು. ಅಲ್ಲಿಗೆ ಬಂದ ಹೊಸ ವಿಶ್ವಾಸಿಗಳಲ್ಲಿ ಹೆಚ್ಚಿನವರು ಭತ್ತದ ಗದ್ದೆಗಳಲ್ಲಿ ಒಡೆಯರ ಆಳುಗಳಾಗಿ ದುಡಿದಿದ್ದ ಹೊಲೆಯರು. ಆ ಊರಿಗೆ ದುಡ್ಡು ಹಾಕಿ, ಅದರ ಹಿಂದೆ ನಿಂತವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಬ್ರಾಹ್ಮಣ ಮನೆತನದ ಹುಡುಗ, 1844ರಲ್ಲಿ ದೀಕ್ಷಾಸ್ನಾನ ಪಡೆದವರು. ತಮ್ಮನ್ನು ಕ್ರಿಸ್ತನ ಕಡೆಗೆ ಕರೆದುಕೊಂಡು ಬಂದ ಮಿಷನರಿ ಹರ್ಮನ್ ಮೋಗ್ಲಿಂಗ್ ಅವರ ಹೆಸರನ್ನೇ ತಮ್ಮ ಹೆಸರಿನ ಜತೆ ಸೇರಿಸಿಕೊಂಡರು. ಆ ಕಾಲದಲ್ಲಿ ಈ ಬ್ರಾಹ್ಮಣರಿಗೂ ಆ ಹೊಲೆಯರಿಗೂ ನಡುವೆ ಎಷ್ಟು ದೂರ ಇತ್ತು ಅಂತ ಯೋಚಿಸಿ. ಒಬ್ಬರ ನೆರಳು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಅಂಥವರು ಪ್ರಭುಭೋಜನದ ಒಂದೇ ಮೇಜಿನ ಮುಂದೆ ಬಂದು ಒಂದೇ ಪಾತ್ರೆಗೆ ಬಾಯಿ ಹಚ್ಚಿದರು. ನಮ್ಮ ನಾಡಿನ ಸಭೆಯ ಇತಿಹಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂಗತಿ ಕಾಣುವುದಿಲ್ಲ. ನಿಘಂಟು, ಪತ್ರಿಕೆ, ಮುದ್ರಣಾಲಯ ಎಲ್ಲವೂ ಆಮೇಲೆ.

ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಕೆಲಸ, ಮನೆ, ಶಾಲೆ ಎಲ್ಲ ಕೊಟ್ಟಮೇಲೂ ಬಹಳ ಕಾಲ ನಮ್ಮ ಹಿರಿಯರು ಮಿಷನ್‌ನ ಮಕ್ಕಳಾಗಿಯೇ ಇದ್ದರು. ಕೊಡುವವರು ಅವರು, ಪಡೆಯುವವರು ಇವರು. ಹಾಗಿರುವಾಗ 1914ರಲ್ಲಿ ಯುದ್ಧ ಶುರುವಾಯಿತು. ಮಿಷನ್‌ನಲ್ಲಿ ಜರ್ಮನರೇ ಜಾಸ್ತಿ ಇದ್ದರು. ಬ್ರಿಟಿಷ್ ಸರ್ಕಾರ ಅವರನ್ನು ಹಿಡಿದು ಶಿಬಿರಗಳಲ್ಲಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿತು. ಕಾರ್ಖಾನೆಗಳು ಬೇರೆ ಕೈಗೆ ಹೋದವು. ಬೇರೆ ಮಿಷನ್‌ಗಳ ನೆರವು ಬಂತು, ನಿಜ. ಆದರೆ ದಿನದಿನದ ಸಭೆ ನಡೆಸುವ ಭಾರ ಇಲ್ಲಿನ ಸಭಾಪಾಲಕರು, ಉಪದೇಶಿಗಳು, ಸಭಾ ಹಿರಿಯರ ಹೆಗಲಿಗೆ ಬಿತ್ತು. ಬೆಟಗೇರಿಯ ಆಸ್ಪತ್ರೆಯನ್ನು ಜನ ಜರ್ಮನ್ ದವಾಖಾನೆ ಅಂತಲೇ ಕರೆಯುತ್ತಾರೆ. ಆದರೆ ಸಭೆಯನ್ನು ಜರ್ಮನ್ ಸಭೆ ಅಂತ ನಮ್ಮ ಮನೆಯಲ್ಲಿ ಯಾರೂ ಅಂದದ್ದು ನಾನು ಕೇಳಿಲ್ಲ.

ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ರೊಟ್ಟಿಗೆ ಜೋಳ ಬೀಸಲು ಕೊಡುವಾಗಲೆಲ್ಲ ಅವರು ಒಂದು ಹಿಡಿ ಜೋಳವನ್ನು ಆ ಡಬ್ಬಿಗೆ ಹಾಕುತ್ತಿದ್ದರು. ಮನೆಯಲ್ಲಿ ಜೋಳ ಕಡಿಮೆ ಇದ್ದ ದಿನವೂ ಹಿಡಿ ಸಣ್ಣದಾಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ. ಡಬ್ಬಿ ತುಂಬಿದ ಮೇಲೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕಾಣಿಕೆಯಾಗಿ ಸುರಿದು ಬರುತ್ತಿದ್ದರು. ಎಲ್ಲ ಹೆಂಗಸರ ಜೋಳ ಸೇರಿಸಿ ಹರಾಜು ಹಾಕಿ, ಬಂದ ದುಡ್ಡಿನಲ್ಲಿ ಸಭೆಯ ಕೆಲಸ ಮಾಡುತ್ತಿದ್ದರು. ಒಂದು ಸಲ ಮಳೆಗಾಲಕ್ಕೆ ಮುಂಚೆ ಚರ್ಚಿನ ಹೆಂಚು ಬದಲಾಯಿಸುತ್ತಿದ್ದರು. ಅಜ್ಜಿ ನನ್ನನ್ನು ಕರೆದುಕೊಂಡು ಹೋಗಿ ಕೆಳಗೆ ನಿಂತು, ಬಿಸಿಲಿಗೆ ಹಣೆಗೆ ಕೈ ಹಿಡಿದು ಮೇಲೆ ನೋಡಿದರು. "ನೋಡವ್ವಿ, ಈ ಗುಡಿಯೊಳಗ ನನ್ನ ಜ್ವಾಳಾನೂ ಅದಾವ" ಅಂದರು. ಅವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಸಭೆಯಲ್ಲಿ ಎದ್ದು ನಿಂತು ಮಾತಾಡಿದವರೂ ಅಲ್ಲ. ಆದರೆ ಆ ಕಟ್ಟಡದೊಳಗೆ ಅವರು ನಡೆಯುವ ಗತ್ತೇ ಬೇರೆ ಇತ್ತು. ಸ್ವಂತ ಮನೆಯಲ್ಲಿ ನಡೆಯುವ ಹಾಗೆ ನಡೆಯುತ್ತಿದ್ದರು.

ಅಜ್ಜಿಯಿಂದ ಯಾರೂ ಏನೂ ಕೇಳದೇ ಹೋಗಿದ್ದರೆ? ಪಾಪ, ಬಡವಿ, ಇವಳ ಹತ್ತಿರ ಏನು ಕೇಳೋದು ಅಂತ ಬಿಟ್ಟಿದ್ದರೆ? ಆ ಗತ್ತು ಎಲ್ಲಿಂದ ಬರುತ್ತಿತ್ತು?

ಬಾವಿಯ ಹತ್ತಿರ

ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ನಮಗೆಲ್ಲ ಗೊತ್ತು. ಸಮಾರ್ಯದ ಹೆಂಗಸಿನ ಕಥೆಯ ಮೇಲೆ ಎಷ್ಟು ಪ್ರಸಂಗ ಕೇಳಿದ್ದೇವೋ ಲೆಕ್ಕವಿಲ್ಲ. ಹೆಚ್ಚಿನವು ಜೀವಜಲದ ಮೇಲೆ, ಇಲ್ಲವೇ ಅವಳ ಐದು ಗಂಡಂದಿರ ಮೇಲೆ. ಆದರೆ ಆ ಕಥೆ ಶುರುವಾಗುವುದು ಒಂದು ಬೇಡಿಕೆಯಿಂದ. ಯೇಸು ದಣಿದು ಬಾವಿಯ ಹತ್ತಿರ ಕೂತಿದ್ದಾನೆ. ಮಧ್ಯಾಹ್ನದ ಹೊತ್ತು. ಸೇದಲು ಅವನ ಹತ್ತಿರ ಏನೂ ಇಲ್ಲ. ನನಗೆ ಕುಡಿಯಲು ನೀರು ಕೊಡು ಅಂತ ಅವಳನ್ನು ಕೇಳುತ್ತಾನೆ. ಅವಳು ಬೆಚ್ಚಿಬೀಳುತ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಬಳಕೆ ಇರಲಿಲ್ಲ. ನೀನು ಯೆಹೂದ್ಯ, ನಾನು ಸಮಾರ್ಯದವಳು, ನೀನು ನನ್ನ ಹತ್ತಿರ ನೀರು ಕೇಳುವುದಾ ಅನ್ನುತ್ತಾಳೆ.

ಬೇರೆ ದೇಶದವರಿಗೆ ಇದನ್ನು ವಿವರಿಸಬೇಕಾಗಬಹುದು. ನಮಗೆ ಬೇಕಾಗಿಲ್ಲ. ಯಾರ ಕೈಯ ನೀರು ಯಾರು ಕುಡಿಯಬಹುದು, ಯಾರ ಕೊಡವನ್ನು ಯಾರು ಮುಟ್ಟಬಹುದು ಅನ್ನುವ ಲೆಕ್ಕದ ಮೇಲೆಯೇ ನಮ್ಮ ಊರುಗಳು ನಿಂತಿದ್ದವು. ಕೆಲವು ಕಡೆ ಈಗಲೂ ನಿಂತಿವೆ. ಅವನ ಹತ್ತಿರ ಪಾತ್ರೆ ಇಲ್ಲ ಅಂದರೆ ಅವಳ ಕೊಡದಿಂದಲೇ ಕುಡಿಯಬೇಕು. ಅವನು ಕೇಳಿದ್ದು ಅದನ್ನೇ. ತಾನು ಕೊಡುವ ನೀರಿನ ಮಾತು ಬರುವುದು ಆಮೇಲೆ. ಮೊದಲು ತಾನು ಬಾಯಾರಿದವನು, ಅವಳು ಕೊಡುವವಳು. ಕೊನೆಗೆ ಆ ಊರಿನವರು ನಮ್ಮಲ್ಲೇ ಇರು ಅಂದಾಗ ಅವನು ಎರಡು ದಿನ ಅಲ್ಲೇ ಉಳಿಯುತ್ತಾನೆ. ಎರಡು ದಿನ ಅಂದರೆ ಆ ಮನೆಗಳ ಊಟ, ಆ ಮನೆಗಳ ಹಾಸಿಗೆ, ಆ ಮನೆಗಳ ನೀರು.

ಜಕ್ಕಾಯನ ಕಥೆಯೂ ಹಾಗೆಯೇ ಅಲ್ವಾ? ಊರಿನವರೆಲ್ಲ ಮೂಗು ಮುರಿಯುವ ಒಬ್ಬ ಸುಂಕದವನು ಮರದ ಮೇಲಿದ್ದಾನೆ. ಯೇಸು ಅವನಿಗೆ ಬುದ್ಧಿ ಹೇಳುವುದಿಲ್ಲ, ನಿನ್ನನ್ನು ಕ್ಷಮಿಸಿದೆ ಅಂತ ಶುರುಮಾಡುವುದಿಲ್ಲ. ಇವತ್ತು ನಾನು ನಿನ್ನ ಮನೆಯಲ್ಲಿ ಉಳಿಯಬೇಕು, ಬೇಗ ಇಳಿದು ಬಾ ಅನ್ನುತ್ತಾನೆ. ಆ ಮನುಷ್ಯ ಸಂತೋಷದಿಂದ ಓಡಿಬಂದದ್ದರಲ್ಲಿ ಆಶ್ಚರ್ಯ ಏನಿದೆ? ಎಷ್ಟು ವರ್ಷದಿಂದ ಅವನ ಮನೆಗೆ ಯಾರೂ ಊಟಕ್ಕೆ ಬಂದಿರಲಿಲ್ಲವೋ.

ನಮ್ಮ ಸಭೆಗಳು ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ಅಕ್ಕಿ ಕೊಡುತ್ತೇವೆ, ಫೀಸ್ ಕಟ್ಟುತ್ತೇವೆ, ಆಸ್ಪತ್ರೆಗೆ ಓಡಾಡುತ್ತೇವೆ. ಬಾಗಿಲಲ್ಲಿ ನಿಂತು ಕೈಮುಗಿದು ವಂದನೆ ಹೇಳುತ್ತೇವೆ. ಇದೆಲ್ಲ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಕೊಡುತ್ತಲೇ ಇದ್ದರೆ ಪಡೆಯುವವರು ಕೊನೆಯವರೆಗೂ ಅತಿಥಿಗಳಾಗಿಯೇ ಉಳಿಯುತ್ತಾರೆ. ಅತಿಥಿಗೆ ಎಷ್ಟೇ ಮರ್ಯಾದೆ ಸಿಕ್ಕರೂ ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ನೋಡುವ ಹಕ್ಕು ಸಿಗುವುದಿಲ್ಲ. ಒಬ್ಬರು ಸಭೆಗೆ ಸೇರಿದವರು ಅಂತ ಅವರಿಗೇ ಗಟ್ಟಿಯಾಗಿ ಅನಿಸಬೇಕಾದರೆ ಸಭೆ ಅವರನ್ನು ಏನಾದರೂ ಕೇಳಬೇಕು. ಅದು ನಿಜವಾಗಿ ಬೇಕಾದದ್ದೇ ಆಗಿರಬೇಕು, ಅವರು ಕೊಡದಿದ್ದರೆ ನಮಗೆ ಕೊರತೆಯಾಗುವಂಥದ್ದೇ ಆಗಿರಬೇಕು. ಸುಮ್ನೆ ಮನಸ್ಸಿಗೆ ಸಮಾಧಾನವಾಗಲಿ ಅಂತ ಕೇಳಿದರೆ ಅದು ಅವರಿಗೆ ಗೊತ್ತಾಗಿಬಿಡುತ್ತದೆ.

ಬೆಂಚಿನ ತುದಿ

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಸಮಾಧಾನ ಹಂಚುವುದು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಸೌತ್ ಇಂಡಿಯಾ ಯುನೈಟೆಡ್ ಚರ್ಚ್‌ನವರು ಒಂದಾಗಿ ಈ ಸಭೆ ಹುಟ್ಟಿತು. ದೇಶ ಎರಡು ಭಾಗವಾದ ಮರು ತಿಂಗಳೇ ಇವರು ಒಂದಾದರು ಅನ್ನುವುದು ನನಗೆ ಯಾವಾಗಲೂ ಹೆಮ್ಮೆ. 1950ರಲ್ಲಿ ಪ್ರಭುಭೋಜನದ ಆರಾಧನಾಕ್ರಮ ಬರೆದಾಗ ಕೇರಳದ ಸುರಿಯಾನಿ ಕ್ರೈಸ್ತರ ಪದ್ಧತಿಯಿಂದ ಈ ಸಮಾಧಾನದ ಹಸ್ತವನ್ನು ತಂದುಕೊಂಡರು. ಸಭಾಪಾಲಕರು ಮೇಜಿನ ಹತ್ತಿರ ನಿಂತು ಹಿರಿಯರಿಗೆ ಕೊಡುತ್ತಾರೆ. ಹಿರಿಯರು ನಡುದಾರಿಯಲ್ಲಿ ಬಂದು ಪ್ರತಿ ಬೆಂಚಿನ ತುದಿಯಲ್ಲಿ ಕೂತವರಿಗೆ ಕೊಡುತ್ತಾರೆ. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ. ಬಲ ಅಂಗೈಗೆ ಬಲ ಅಂಗೈ ಹಚ್ಚಿ, ಅದರ ಮೇಲೆ ಇಬ್ಬರೂ ಎಡಗೈ ಮುಚ್ಚುವುದು. ಮೇಜಿನಿಂದ ಹೊರಟದ್ದು ಕೊನೆಯವರ ತನಕ ಕೈಯಿಂದ ಕೈಗೆ ಹೋಗಬೇಕು. ಯಾರೂ ತಮ್ಮಷ್ಟಕ್ಕೆ ತಾವು ತೆಗೆದುಕೊಳ್ಳುವ ಹಾಗಿಲ್ಲ, ಇನ್ನೊಬ್ಬರು ಕೊಟ್ಟೇ ಸಿಗಬೇಕು.

ಕಾಯಿರ್ ಕೂರುವ ಜಾಗದಿಂದ ಇಡೀ ಸಭೆ ಕಾಣುತ್ತದೆ. ಕೊನೆಯ ಬೆಂಚಿನಲ್ಲಿ ಆ ಅಕ್ಕ ಮತ್ತು ಮಗಳು ಗೋಡೆಯ ಕಡೆ ಕೂರುತ್ತಿದ್ದರು. ಅವರಿಗೂ ಆ ಬೆಂಚಿನ ಈ ತುದಿಯವರಿಗೂ ನಡುವೆ ಎರಡು ಮೂರು ಜನ ಕೂರುವಷ್ಟು ಖಾಲಿ. ಹಿರಿಯರು ಬಂದು ತುದಿಯವರಿಗೆ ಕೊಡುತ್ತಿದ್ದರು. ಅವರು ಪಕ್ಕದವರಿಗೆ ಕೊಡುತ್ತಿದ್ದರು. ಅಲ್ಲಿಗೆ ನಿಲ್ಲುತ್ತಿತ್ತು. ಪಕ್ಕದವರು ಆ ಅಕ್ಕನ ಕಡೆ ತಿರುಗಿ ದೂರದಿಂದಲೇ ನಕ್ಕು ಕೈಮುಗಿಯುತ್ತಿದ್ದರು. ಅವರೂ ಕೈಮುಗಿಯುತ್ತಿದ್ದರು. ಆಮೇಲೆ ತಾಯಿ ಮಗಳು ಒಬ್ಬರಿಗೊಬ್ಬರು ಕೈ ಕೊಟ್ಟುಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಬೇಕಂತ ಯಾರೂ ಮಾಡಿದ್ದಲ್ಲ. ಎರಡು ಹೆಜ್ಜೆ ಎದ್ದು ಹೋಗಬೇಕಿತ್ತು, ಎದ್ದು ಹೋಗುವ ಅಭ್ಯಾಸ ಇರಲಿಲ್ಲ.

ನಮ್ಮ ಸಭೆಯಲ್ಲಿ ಒಬ್ಬ ಹಿರಿಯಮ್ಮ ಇದ್ದಾರೆ. ನರ್ಸ್ ಆಗಿ ನಿವೃತ್ತಿಯಾದವರು, ಮಾತು ಕಡಿಮೆ, ಹೇಳಿದರೆ ನೇರ. ಮಂಡಿನೋವು ಇರುವುದರಿಂದ ಮೊದಲಿನಿಂದಲೂ ಮುಂದಿನ ಬೆಂಚು ಅವರದು. ಪಟ್ಟಿ ಮಾಡಿದ ದಿನ ಅವರು ಇರಲಿಲ್ಲ. ಮರುವಾರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಓದಿದರು, ಆ ಅಕ್ಕನ ಹೆಸರು ಯಾಕಿಲ್ಲ ಅಂತ ಕೇಳಿದರು. ಕಾರಣ ಹೇಳಿದೆವು. "ಅವರನ್ನ ಒಂದು ಮಾತು ಕೇಳಿದ್ರಾ?" ಅಂದರು. ಯಾರೂ ಕೇಳಿರಲಿಲ್ಲ. ಅಲ್ಲಿಂದ ಎದ್ದು ಕೋಲೂರಿಕೊಂಡು ಹೊರಗೆ ಹೋದರು. ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಆ ಅಕ್ಕನನ್ನು ನಿಲ್ಲಿಸಿ, "ಈ ಲೆಂಟ್‌ನಲ್ಲಿ ನಿಮ್ಮ ಮನೆಗೆ ನಮ್ಮನ್ನ ಯಾವಾಗ ಕರೀತೀರಿ?" ಅಂತ ಕೇಳಿಯೇ ಬಿಟ್ಟರು. ಆ ಅಕ್ಕನ ಮುಖವನ್ನು ನಾನು ನೋಡಿದೆ. ಒಂದು ಗಳಿಗೆ ಮಾತೇ ಹೊರಡಲಿಲ್ಲ. ಆಮೇಲೆ ಕೈಬೆರಳಲ್ಲಿ ಲೆಕ್ಕ ಹಾಕಿ, ಸಂಬಳವಾದ ವಾರದ ಶನಿವಾರ ಆಗಬಹುದು, ಆವತ್ತು ಓವರ್‌ಟೈಮ್ ಇರುವುದಿಲ್ಲ ಅಂದರು.

ಹೋದೆವು. ಮೂರನೇ ಮಹಡಿ. ಮೆಟ್ಟಿಲ ಮೇಲೆ ಚಪ್ಪಲಿಗಳ ಸಾಲು. ಮಂಚವನ್ನು ಗೋಡೆಗೆ ನಿಲ್ಲಿಸಿ ಜಾಗ ಮಾಡಿದ್ದರು. ಅಕ್ಕಪಕ್ಕದ ಮನೆಗಳಿಂದ ಪ್ಲಾಸ್ಟಿಕ್ ಕುರ್ಚಿ ತಂದಿದ್ದರು, ಕೆಳಗಿನ ಮನೆಯವರದು ಜಮಖಾನೆ. ಕುರ್ಚಿ ಕೊಟ್ಟವರೂ ಕುತೂಹಲಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದರು. ಆ ಅಕ್ಕ ಅವರ ಕಡೆ ತಿರುಗಿ ಒಬ್ಬೊಬ್ಬರನ್ನೂ ತೋರಿಸಿ, "ಇವ್ರು ನಮ್ಮ ಸಭೆಯವ್ರು" ಅಂತ ಪರಿಚಯ ಮಾಡಿಕೊಟ್ಟರು. ಆ ಪರಿಚಯದಲ್ಲಿ ಅವರು ನಮ್ಮ ಹೊಸಬರಾಗಿರಲಿಲ್ಲ, ನಾವು ಅವರ ಕಡೆಯವರಾಗಿದ್ದೆವು. ಊರು ಬಿಟ್ಟು ಬಂದು, ನಂಟರು ಮಾತು ಬಿಟ್ಟು, ಗಂಡನನ್ನೂ ಕಳೆದುಕೊಂಡು ಆ ಬೀದಿಯಲ್ಲಿ ಒಂಟಿ ಹೆಂಗಸು ಅನ್ನಿಸಿಕೊಂಡವರು ಅವರು. ಅವರ ಮನೆ ತುಂಬಾ ಜನ ಕೂತಿದ್ದನ್ನು ಆವತ್ತು ಇಡೀ ಬೀದಿ ನೋಡಿತು. ನಾವು ಖರ್ಚು ಉಳಿಸುತ್ತೇವೆ ಅಂದುಕೊಂಡು ಅವರಿಂದ ಕಿತ್ತುಕೊಳ್ಳಲು ಹೊರಟಿದ್ದದ್ದು ಇದನ್ನೇ.

ಪ್ರಾರ್ಥನೆಯನ್ನು ಅವರೇ ಮಾಡಿದರು. ಸಭೆಯಲ್ಲಿ ಅವರ ದನಿಯನ್ನೇ ಕೇಳದವರು ನಾವು. ಸಿಂಧನೂರಿನ ಮಾತಿನಲ್ಲಿ, ದೇವರ ಜತೆ ಎದುರುಬದುರು ಕೂತ ಹಾಗೆ ಮಾತಾಡಿದರು. ಆರಾಧನಾ ಪುಸ್ತಕದ ಒಂದು ಪದವೂ ಇರಲಿಲ್ಲ. ಕಾರ್ಖಾನೆಯ ಸೂಪರ್‌ವೈಸರ್‌ಗೂ ಪ್ರಾರ್ಥಿಸಿದರು, ಹಿರಿಯಮ್ಮನ ಮಂಡಿಗೂ ಪ್ರಾರ್ಥಿಸಿದರು. ಆಮೇಲೆ ಒಗ್ಗರಣೆ ಮಿರ್ಚಿ ಬಂತು. ನಮ್ಮ ಕಡೆ ಮಂಡಕ್ಕಿಯನ್ನು ಗಿರ್ಮಿಟ್ ಮಾಡುತ್ತೇವೆ. ಅವರ ಕಡೆ ನೆನೆಸಿ, ಹಿಂಡಿ, ಒಗ್ಗರಣೆಗೆ ಹಾಕಿ ಮೇಲೆ ಪುಟಾಣಿ ಪುಡಿ ಉದುರಿಸುತ್ತಾರೆ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. "ಪಾಪ" ಅಂದಿದ್ದವರೇ ಅಡುಗೆಕಟ್ಟೆಯ ಹತ್ತಿರ ನಿಂತು ಪುಟಾಣಿ ಪುಡಿಯ ಅಳತೆ ಕೇಳುತ್ತಿದ್ದರು.

ಮುಂದಿನ ಭಾನುವಾರ ಹಿರಿಯಮ್ಮ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಏನೂ ಹೇಳಲಿಲ್ಲ. ಕೆಲವು ವಾರ ಬಿಟ್ಟು ತಾಯಿ ಮಗಳು ಇಬ್ಬರನ್ನೂ ಕರೆದುಕೊಂಡು ನಡುವಿನ ಬೆಂಚಿಗೆ ಬಂದರು.

ರಿಜಿಸ್ಟರ್ ಮತ್ತು ಮದುವೆ

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ನಮ್ಮಲ್ಲಿ ಹೊಸದಾಗಿ ಬರುವವರಿಗೆ ಹೊರಗಿನ ಕಷ್ಟವೂ ಇದೆ. 1950ರ ರಾಷ್ಟ್ರಪತಿಯವರ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನ ಹೋಗುತ್ತದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದನ್ನು ವಿಸ್ತರಿಸಿದರು. ಕ್ರೈಸ್ತರಿಗೆ, ಮುಸ್ಲಿಮರಿಗೆ ಇಲ್ಲ. ಹಾಗಾಗಿ ಎಷ್ಟೋ ಜನ ಆರಾಧನೆಗೆ ಬರುತ್ತಾರೆ, ಉಪವಾಸ ಮಾಡುತ್ತಾರೆ, ಆದರೆ ರಿಜಿಸ್ಟರ್‌ನಲ್ಲಿ ಹೆಸರು ಬರೆಸಲು ಹಿಂದೆಮುಂದೆ ನೋಡುತ್ತಾರೆ. ಮಕ್ಕಳ ಓದು, ಕೆಲಸದ ಪ್ರಶ್ನೆ. ಅಂಥವರನ್ನು ನಮ್ಮ ಕೆಲವರು ಅರೆಮನಸ್ಸಿನವರು ಅಂತ ಕರೆಯುವುದನ್ನು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮೂರು ತಲೆಮಾರು ಮಿಷನ್ ಶಾಲೆಯಲ್ಲಿ ಓದಿ ಕೆಲಸ ಹಿಡಿದ ನಮಗೆ ಆ ಮಾತಾಡುವ ಹಕ್ಕಿಲ್ಲ. ಈ ಬರಹದಲ್ಲಿ ಬಂದ ಅಕ್ಕನ ಜಾತಿ ಯಾವುದು ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಕೇಳುವವರು ಕೇಳುತ್ತಾರೆ. ಅದೂ ಮದುವೆಯ ಹೊತ್ತಿಗೆ. ಒಂದೇ ಪಾತ್ರೆಯಲ್ಲಿ ಕುಡಿಯಲು ಅಭ್ಯಂತರವಿಲ್ಲದ ಮನೆಗಳಲ್ಲಿ ಬಯೋಡೇಟಾ ಬಂದ ಕೂಡಲೇ "ಹಳೇ ಮನೆತನಾನಾ?" "ಯಾವ ಮಿಷನ್?" "ಮೂಲ ಯಾವುದು?" ಅನ್ನುವ ಪ್ರಶ್ನೆಗಳು ಏಳುತ್ತವೆ. ಇದು ನಮ್ಮ ಸಭೆಯೊಂದರ ಕಥೆ ಅಲ್ಲ, ಈ ಸಾಲು ಓದುವ ಕ್ರೈಸ್ತ ಓದುಗರಿಗೆ ತಮ್ಮ ಮನೆಯ ಜಗಲಿಯ ಮಾತೇ ನೆನಪಾಗಬಹುದು. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅಂತಿಯೋಕ್ಯದ ಒಂದು ಜಗಳ ಇದೆ. ಪೇತ್ರ ಅಲ್ಲಿ ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳ ಜತೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವು ಯೆಹೂದ್ಯರು ಬಂದ ಕೂಡಲೇ ಅವರಿಗೆ ಹೆದರಿ ಹಿಂದೆ ಸರಿದ. ಪೌಲ ಎಲ್ಲರ ಮುಂದೆ ಅವನನ್ನು ತರಾಟೆಗೆ ತೆಗೆದುಕೊಂಡ. ನಮಗೂ ನಮ್ಮ ನಮ್ಮೊಳಗೆ ಇದ್ದಾಗ ತೊಂದರೆ ಇಲ್ಲ. ಊರಿಂದ ನೆಂಟರು ಬಂದಾಗ ಹಿಂದೆ ಸರಿಯುತ್ತೇವೆ. ಕೌಂಡಿನ್ಯರು 1860ರಲ್ಲಿ ಜರ್ಮನಿಯ ಹೆಣ್ಣುಮಗಳನ್ನು ಮದುವೆಯಾಗಿದ್ದರು. ಅಷ್ಟು ದೊಡ್ಡ ಕಡಲನ್ನು ಆ ಕಾಲದಲ್ಲೇ ದಾಟಿದ ಸಭೆ ನಮ್ಮದು. ಹಿಂದಿನ ಬೆಂಚಿನ ತನಕ ಹೋಗಿ ಹೆಣ್ಣು ಕೇಳಲು ಇವತ್ತು ಯಾಕೆ ಹೆದರಬೇಕು?

ಆ ಅಕ್ಕನ ಮಗಳು ಈಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಕಾಯಿರ್‌ನಲ್ಲಿ ನನ್ನ ಪಕ್ಕ ನಿಂತು ಹಾಡುತ್ತಾಳೆ. ಒಮ್ಮೆ ಕೇಳಿದ ರಾಗವನ್ನು ಮರೆಯುವುದಿಲ್ಲ. ನನ್ನ ಅಣ್ಣನ ಮಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ, ಮನೆಯಲ್ಲಿ ಹೆಣ್ಣು ನೋಡಲು ಶುರುಮಾಡಿದ್ದಾರೆ. ಅಣ್ಣ ಅತ್ತಿಗೆ ಇಬ್ಬರ ಹತ್ತಿರವೂ ಮಾತಾಡಿದೆ. ಅತ್ತಿಗೆ ಮೊದಲು ಸುಮ್ಮನಿದ್ದರು, ಆಮೇಲೆ ಅವರೇ ಫೋನ್ ಮಾಡಿ, ನೀನು ಅವರ ಮನೆಯಲ್ಲಿ ಕೇಳು, ಅವರು ಒಪ್ಪಿದರೆ ಮಕ್ಕಳು ಒಮ್ಮೆ ಭೇಟಿಯಾಗಿ ಮಾತಾಡಲಿ ಅಂದರು. ಕಳೆದ ಭಾನುವಾರ ಆರಾಧನೆ ಆದಮೇಲೆ ಆ ಅಕ್ಕನ ಹತ್ತಿರ ವಿಷಯ ತೆಗೆದೆ. ಅವರು ಸ್ತ್ರೀ ಸಂಘದ ಕಾಣಿಕೆಯ ಲೆಕ್ಕ ಬರೆಯುತ್ತಿದ್ದರು, ಈ ವರ್ಷದಿಂದ ಆ ಪುಸ್ತಕ ಅವರ ಕೈಯಲ್ಲಿದೆ. ಪೆನ್ನಿನ ಮುಚ್ಚಳ ಹಾಕಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ನೋಡೋಣ್ರಿ ಅಕ್ಕಾರ. ಮೊದ್ಲು ಆಕಿ ಓದು ಮುಗೀಲಿ, ಎಂ.ಕಾಂ. ಮಾಡ್ತೀನಿ ಅಂತಾಳ. ಆಕೀನ್ನೂ ಒಂದ್ ಮಾತು ಕೇಳ್ಬೇಕು. ನಾವೂ ವಿಚಾರಿಸ್ಬೇಕಲ್ರಿ, ಹುಡುಗ ಹೆಂಗದಾನ, ಮನಿಯಾಗ ಹೆಂಗದಾರ ಅಂತ" ಅಂದರು. ವಿಚಾರಿಸಿ ಅಂದೆ. ಬೆಟಗೇರಿಯ ನಮ್ಮ ಸಭಾಪಾಲಕರ ನಂಬರ್ ಬರೆಸಿಕೊಂಡಿದ್ದಾರೆ.